ಮೊರದಿಂದ ಬೆಳಕಿನ ಕಣ್ಣಿಗೆ

ಅಂಗಡಿಯಲ್ಲಿ ಒಟ್ಟಿದ ಅಕ್ಕಿ ಚೀಲಗಳ ಮೇಲೆ ‘ಸಾರ್ಟೆಕ್ಸ್’ ಎಂಬ ಮಾತನ್ನು ನೀವು ಓದಿರಬಹುದು. ಅದನ್ನು ಅಕ್ಕಿಯ ತಳಿ ಎಂದೇ ತಿಳಿದವರೂ ಉಂಟು. ಸೋನಾ ಮಸೂರಿ ತಳಿಯ ಹೆಸರು ಹೌದು. ಸಾರ್ಟೆಕ್ಸ್ ಮಾತ್ರ ಕಪ್ಪು ಕಾಳನ್ನು ಗುರುತಿಸಿ ಹೊರದೂಡುವ ಯಂತ್ರದ ಹೆಸರು. 1947ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕಂಪನಿಯೊಂದರ ಹೆಸರು ಇಂದು ಯಾವುದೇ ಯಂತ್ರದಲ್ಲಿ ಹಸನಾದ ಅಕ್ಕಿಗೂ ಅಂಟಿಕೊಂಡಿದೆ. ಈ ಯಂತ್ರದ ಕಣ್ಣು ಎಲ್ಲಿ ಹುಟ್ಟಿತು, ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬಳ್ಳಾರಿ ಸೀಮೆ ಮೊದಲಿನಿಂದಲೂ ಅಕ್ಕಿಯ ಸೀಮೆಯಲ್ಲ. ಎರೆಹೊಲಗಳಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದ, 1876-78ರ ಭೀಕರ ಬರವನ್ನು ಉಂಡ ನಾಡು ಇದು. ತುಂಗಭದ್ರೆಯ ನೀರು ಹರಿದರೆ ಕಪ್ಪು ಮಣ್ಣು ಹೇಗೆ ವರ್ತಿಸೀತು ಎಂದು ಅರಿಯಲು ಮದರಾಸು ಆಡಳಿತದ ಕಾಲದಲ್ಲಿಯೇ, 1937ರಲ್ಲಿ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ಆರಂಭವಾಯಿತು. 1953ರಲ್ಲಿ ಅಣೆಕಟ್ಟೆ ಪೂರ್ಣಗೊಂಡಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಬಲದಂಡೆಯ ಕಾಲುವೆಗಳ ನೀರು ಕುರುಗೋಡು, ಸಿರುಗುಪ್ಪದ ಹೊಲಗಳಿಗೆ ಹರಿದ ಮೇಲೆ ಜೋಳದ ನೆಲ ನೆಲ್ಲಿನ ಗದ್ದೆಯಾಯಿತು. ಗದ್ದೆಯ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು.

ಆಗ ಗಿರಣಿಯ ಅಕ್ಕಿಯನ್ನು ಹಸನು ಮಾಡುವ ಕೆಲಸ ಮನೆಯ ಹೆಂಗಸರದಾಗಿತ್ತು. ಮೊರದಲ್ಲಿ ಕೇರಿ, ಹರಡಿ, ಕಲ್ಲು, ನೆಲ್ಲು, ಕಪ್ಪು ಕಾಳುಗಳನ್ನು ಬೆರಳ ತುದಿಯಿಂದ ಆರಿಸುತ್ತಿದ್ದರು. ಆ ಕೆಲಸದಲ್ಲಿ ಕಣ್ಣಿನ ಜೊತೆಗೆ ಬೆರಳು, ಮೂಗುಗಳೂ ದುಡಿಯುತ್ತಿದ್ದವು. ಯಂತ್ರ ತನ್ನದಾಗಿಸಿಕೊಂಡದ್ದು ಕಣ್ಣಿನ ಪಾಲನ್ನು ಮಾತ್ರ.

ಆ ಪಾಲಿನ ಕಥೆ ಸಮುದ್ರದಡಿಯ ತಂತಿಯಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ವಿಲೋಬಿ ಸ್ಮಿತ್ ಎಂಬ ತಂತಿ ಇಂಜಿನಿಯರು ತಂತಿಗಳ ಪರೀಕ್ಷೆಗಾಗಿ ಸೆಲೆನಿಯಂ ಎಂಬ ಮೂಲವಸ್ತುವಿನ ಕಡ್ಡಿಗಳನ್ನು ಬಳಸುತ್ತಿದ್ದರು. ಅಳತೆ ಒಂದೇ ಸಮನೆ ಬರುತ್ತಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದು ಬೆಳಕು ಬಿದ್ದಾಗ ಸೆಲೆನಿಯಂನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಮುಚ್ಚಿದಾಗ ತಡೆಯುತ್ತದೆ ಎಂದು ತಿಳಿದುಬಂತು. 1873ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೆಲಸಕ್ಕೆ ಅಡ್ಡಿಯಾಗಿದ್ದ ದೋಷವೇ ಹೊಸ ಉಪಕರಣಕ್ಕೆ ದಾರಿಯಾಯಿತು. ಬೆಳಕು ವಸ್ತುವಿನೊಳಗಿನ ಎಲೆಕ್ಟ್ರಾನುಗಳಿಗೆ ಶಕ್ತಿ ಕೊಟ್ಟು ಬಿಡಿಸುತ್ತದೆ; ಬಿಡುಗಡೆಯಾದ ಎಲೆಕ್ಟ್ರಾನುಗಳು ವಿದ್ಯುತ್ತಾಗಿ ಹರಿಯುತ್ತವೆ. ಬೆಳಕು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಬೆಳಕಿನ ಸಂವೇದಕಗಳಲ್ಲಿ ಬಹುಪಾಲಿನವು ನಿಂತಿರುವುದು ಈ ನಿಯಮದ ಮೇಲೆ. ನಮ್ಮ ಜಗದೀಶಚಂದ್ರ ಬೋಸರು ಸೀಸದ ಅದಿರಾದ ಗೆಲೀನ ಹರಳಿನಿಂದ ಅಲೆಗಳನ್ನು ಗುರುತಿಸುವ ಸಾಧನ ಮಾಡಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆ ಹರಳು ಬೆಳಕಿಗೂ ಸ್ಪಂದಿಸುತ್ತಿತ್ತು.

ಗಿರಣಿಯ ಯಂತ್ರದಲ್ಲಿ ಅಕ್ಕಿ ಮೇಲಿನ ತೊಟ್ಟಿಯಿಂದ ಅಲುಗಾಡುವ ತಟ್ಟೆಗೆ ಬಿದ್ದು, ಇಳಿಜಾರು ಕಾಲುವೆಗಳಲ್ಲಿ ಒಂದೇ ಪದರವಾಗಿ ಜಾರಿ ಕೆಳಗೆ ಧುಮುಕುತ್ತದೆ. ಬೀಳುವ ದಾರಿಯಲ್ಲಿ ಪ್ರಖರ ದೀಪವಿದೆ. ಹಿಂದೆ ಮುಂದೆ ಕಣ್ಣುಗಳಿವೆ. ಬಿಳಿ ಕಾಳು ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪು ಕಾಳು ಕಡಿಮೆ. ವಿದ್ಯುತ್ತು ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದೊಡನೆ, ಆ ಕಾಳು ಕೆಳಗಿನ ಕೊಳವೆಯ ಎದುರಿಗೆ ಬರುವ ಕ್ಷಣವನ್ನು ಲೆಕ್ಕ ಹಾಕಿ ಗಾಳಿಯ ಒಂದು ಗುಟುಕು ಊದಲಾಗುತ್ತದೆ. ಕಾಳು ಪಕ್ಕದ ಡಬ್ಬಿಗೆ ಹಾರುತ್ತದೆ. ಕಣ್ಣು ನೋಡುವುದು, ಗಾಳಿ ಊದುವುದು ಎಲ್ಲವೂ ಸೆಕೆಂಡಿನ ಕೆಲವು ಸಾವಿರದ ಪಾಲುಗಳಲ್ಲಿ ಮುಗಿಯುತ್ತದೆ. ಆದರೆ ಮಟ್ಟವನ್ನು ಗೊತ್ತುಪಡಿಸುವವನು ಮನುಷ್ಯ. ಬಿಗಿ ಮಾಡಿದರೆ ಕಪ್ಪಿನೊಡನೆ ಒಳ್ಳೆಯ ಕಾಳೂ ಹೋಗುತ್ತದೆ. ಸಡಿಲಿಸಿದರೆ ಕಪ್ಪು ಉಳಿಯುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಾಳಿನ ಬಣ್ಣ ಕೆಟ್ಟರೆ ರೈತನಿಗೆ ಸಿಗುವ ಬೆಲೆ ಇಳಿಯುತ್ತದೆ. ರುಚಿ, ಸತ್ವ ಈ ಕಣ್ಣಿಗೆ ಕಾಣವು. ಅಕ್ಕಿಯ ಬಣ್ಣದ ಹರಳುಕಲ್ಲು ಬಂದರೂ ಅದು ಮೋಸಹೋಗಬಹುದು. ಆದ್ದರಿಂದಲೇ ಕಲ್ಲನ್ನು ತೂಕದಿಂದ ಬೇರ್ಪಡಿಸುವ ಯಂತ್ರ ಬೇರೆಯೇ ಇರುತ್ತದೆ.

ಬೆಳಕನ್ನು ನೋಡುವ ಕಣ್ಣಿನ ಜೊತೆಗೆ ಬೆಳಕನ್ನು ಹೊತ್ತೊಯ್ಯುವ ನರವೂ ಬೇಕಲ್ಲವೇ? ಕೂದಲೆಳೆಯಂಥ ಗಾಜಿನ ತಂತು ಆ ಕೆಲಸ ಮಾಡುತ್ತದೆ. ಒಳಗಿನ ಗಾಜಿಗೂ ಹೊದಿಕೆಯ ಗಾಜಿಗೂ ಬೆಳಕಿನ ವೇಗ ಬೇರೆಯಾದ್ದರಿಂದ ಒಳಗೆ ಹೊಕ್ಕ ಕಿರಣ ಗೋಡೆಯಿಂದ ಗೋಡೆಗೆ ಪ್ರತಿಫಲಿಸುತ್ತ ಸಾಗುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನಲ್ಲಿ ಇಂಥ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿ ತೋರಿಸಿದರು. ತಂತುವಿನ ತುದಿಯಲ್ಲಿ ವಿದ್ಯುತ್ತಿಲ್ಲ, ಕಿಡಿಯಿಲ್ಲ. ತೌಡು ಹೊಟ್ಟಿನ ದೂಳು ತುಂಬಿದ ಜಾಗಕ್ಕೆ ಇದಕ್ಕಿಂತ ಬೇರೇನು ಬೇಕು?

ತಂತು ಕೇವಲ ದಾರಿಯಲ್ಲ, ತಾನೇ ಸಂವೇದಕವೂ ಆಗಬಲ್ಲದು. 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ಬೆಂಗಳೂರಿನಲ್ಲಿ ವಿವರಿಸಿದ ‘ಹೊಸ ವಿಕಿರಣ’ವೇ ಇಲ್ಲಿ ನೆರವಿಗೆ ಬಂದಿದೆ. ತಂತುವಿನೊಳಗೆ ಲೇಸರಿನ ಒಂದು ಮಿಡಿತ ಕಳಿಸಿದರೆ ಅತ್ಯಲ್ಪ ಬೆಳಕು ಚದುರಿ ಹಿಂದಿರುಗುತ್ತದೆ. ಅದರಲ್ಲಿನ ರಾಮನ್ ಬೆಳಕು ಆ ಸ್ಥಳದ ಉಷ್ಣತೆಯನ್ನು ಹೇಳುತ್ತದೆ; ಮರಳಲು ಹಿಡಿದ ಹೊತ್ತು ದೂರವನ್ನು ಹೇಳುತ್ತದೆ. ಸೆಕೆಂಡಿನ ಒಂದು ಲಕ್ಷದ ಒಂದು ಪಾಲು ಹಿಡಿದರೆ ಸ್ಥಳ ಸುಮಾರು 1 ಕಿಲೋಮೀಟರು ದೂರ. ಮಣ್ಣಿನ ಏರಿಯಲ್ಲಿ ನೀರು ಜಿನುಗಿದರೆ ಅಲ್ಲಿನ ಉಷ್ಣತೆ ಬದಲಾಗುವುದರಿಂದ, ಹೊರಗೆ ತೇವ ಕಾಣುವ ಮುನ್ನವೇ ತಂತು ಸುಳಿವು ಕೊಡಬಹುದು. ಉಕ್ಕಿನ ತೊಲೆಗೆ ಅಂಟಿಸಿದ ಮತ್ತೊಂದು ಬಗೆಯ ತಂತು, ತೊಲೆ ಎಳೆದು ಹಿಗ್ಗಿದಷ್ಟೂ ತಾನು ಪ್ರತಿಫಲಿಸುವ ಬಣ್ಣವನ್ನು ಬದಲಿಸುತ್ತದೆ.

ಇಲ್ಲಿ ತುಂಗಭದ್ರೆಯ ನೆನಪಾಗದೆ ಇರದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹರಿದುಹೋಗುವುದನ್ನು ಕಾಲುವೆಯ ರೈತರು ನೋಡಬೇಕಾಯಿತು. ಇಂಜಿನಿಯರರೂ ಕೆಲಸಗಾರರೂ ಹರಿವ ನೀರಿನಲ್ಲೇ ತಡೆಹಲಗೆ ಇಳಿಸಿ, ಒಂದು ವಾರದಲ್ಲಿ ನೀರನ್ನು ನಿಲ್ಲಿಸಿದರು. ಗಾಜಿನ ತಂತು ಇದ್ದಿದ್ದರೆ ಸರಪಳಿ ತುಂಡಾಗುತ್ತಿರಲಿಲ್ಲ ಎಂದು ಹೇಳಲಾಗದು. ತಂತು ತಾನು ಅಂಟಿದ ಕಡೆಯ ಎಳೆತವನ್ನು ಮಾತ್ರ ಬಲ್ಲದು. ಕೊಂಡಿಯೊಳಗಿನ ತುಕ್ಕನ್ನು ಮನುಷ್ಯನೇ ಹತ್ತಿ, ಕೆರೆದು, ತಟ್ಟಿ ನೋಡಬೇಕು.

ಕಾಲುವೆಯ ಕೊನೆಯ ಗಿರಣಿಯಲ್ಲಿ ಒಂದೊಂದು ಕಾಳನ್ನೂ ಬಿಡದೆ ನೋಡುವ ಕಣ್ಣನ್ನು ನಾವು ಇಟ್ಟಿದ್ದೇವೆ, ಏಕೆಂದರೆ ಅಲ್ಲಿ ಬೆಲೆ ಇದೆ. ಆ ಕಾಳಿಗೆ ನೀರುಣಿಸುವ ಗೇಟು, ಏರಿ, ತೂಬುಗಳನ್ನೂ ಅಷ್ಟೇ ಎಚ್ಚರದಿಂದ ನೋಡುವುದು ಈ ಸೀಮೆಯ ಅನ್ನದ ಪ್ರಶ್ನೆ.