ಹಿಮದ ಹರಳು ಮತ್ತು ಶರಾವತಿಯ ಮಳೆ

ಶರಾವತಿಗೆ ಅಣೆಕಟ್ಟೆ ಇರುವ ಲಿಂಗನಮಕ್ಕಿಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಭರಣಿ, ಕೃತ್ತಿಕೆಯ ಗುಡುಗುಮಳೆಯಲ್ಲಿ ಸಾಗರ, ಹೊಸನಗರದ ಅಂಗಳಕ್ಕೆ ಒಮ್ಮೊಮ್ಮೆ ಆಲಿಕಲ್ಲು ಬೀಳುತ್ತದೆ. ದೊಡ್ಡದೊಂದನ್ನು ಸೀಳಿ ನೋಡಿದರೆ ಬಿಳಿ ಪದರ, ತಿಳಿ ಪದರ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ನಮ್ಮ ಮೋಡದಲ್ಲೂ ನೀರು ಹೆಪ್ಪುಗಟ್ಟುತ್ತದೆ ಎನ್ನಲು ಇಷ್ಟು ಸಾಕು. ಹಾಗಾದರೆ ಆರಿದ್ರಾ, ಪುನರ್ವಸುವಿನಲ್ಲಿ ಶರಾವತಿಯನ್ನು ತುಂಬಿಸುವ ಮಳೆಯೂ ಹಿಮವಾಗಿ ಹುಟ್ಟಿ ಕರಗಿ ಬಂದದ್ದೇ?

ಹಿಮದ ಹರಳಿಗೆ ಆರೇ ಮೂಲೆ ಏಕೆ ಎಂದು 1611ರಲ್ಲಿ ಪ್ರಾಗ್‌ನಲ್ಲಿದ್ದ ಕೆಪ್ಲರ್ ಒಂದು ಪುಟ್ಟ ಪುಸ್ತಕ ಬರೆದು ಕೇಳಿದರು. ಉತ್ತರ ಸಿಗಲು ಎಕ್ಸ್-ರೇ ಬರಬೇಕಾಯಿತು: ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜಾಲರಿಯಾಗಿ ಕೂಡಿಕೊಳ್ಳುತ್ತವೆ. ಅಷ್ಟರಲ್ಲಿ ಅಮೆರಿಕದ ವರ್ಮಾಂಟ್‌ನ ರೈತ ಬೆಂಟ್ಲಿ 1885ರಿಂದ ಹರಳುಗಳ ಸಾವಿರಾರು ಫೋಟೋ ತೆಗೆದಿದ್ದರು. 1936ರಲ್ಲಿ ಜಪಾನಿನ ನಕಾಯ ಮೊಲದ ಕೂದಲಿನ ಮೇಲೆ ಹರಳು ಬೆಳೆಸಿ, ಅದರ ಆಕಾರವನ್ನು ಉಷ್ಣಾಂಶವೂ ತೇವಾಂಶವೂ ನಿರ್ಧರಿಸುತ್ತವೆ ಎಂದು ತೋರಿಸಿದರು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಸ್ವೀಡನ್ನಿನ ಹವಾಮಾನ ವಿಜ್ಞಾನಿ ಬರ್ಗೆರಾನ್ ಕಂಡದ್ದು. 1922ರಲ್ಲಿ ಆಸ್ಲೊ ಬಳಿಯ ಗುಡ್ಡವೊಂದರಲ್ಲಿ ಅವರು ತಂಗಿದ್ದರು. ಚಳಿ ಸೊನ್ನೆಗಿಂತ ಸಾಕಷ್ಟು ಕೆಳಗಿಳಿದ ದಿನ, ಕಾಡಿನ ನಡುವಿನ ದಾರಿಯಲ್ಲಿ ಮಂಜು ಇರುತ್ತಿರಲಿಲ್ಲ. ಸೊನ್ನೆಗಿಂತ ಮೇಲಿದ್ದ ದಿನ ನೆಲದವರೆಗೂ ಕವಿದಿರುತ್ತಿತ್ತು. ಮರಗಳಿಗೆ ಅಂಟಿದ ಹಿಮ ಗಾಳಿಯ ಆವಿಯನ್ನು ಹೀರಿಕೊಂಡು ಮಂಜಿನ ಹನಿಗಳನ್ನು ಆರಿಸುತ್ತಿದೆ ಎಂದು ಅವರಿಗೆ ಹೊಳೆಯಿತು. ಮೋಡದೊಳಗೂ ಹೀಗೇ: ಹೆಪ್ಪುಗಟ್ಟದೆ ಉಳಿದ ಹನಿಗಳು ಆರುತ್ತವೆ, ಆ ಆವಿಯಿಂದ ಹರಳು ಬೆಳೆದು ಭಾರವಾಗಿ ಬೀಳುತ್ತದೆ, ದಾರಿಯಲ್ಲಿ ಕರಗಿ ಮಳೆಯಾಗುತ್ತದೆ. ವಿಜ್ಞಾನಿ ವೆಗೆನರ್ 1911ರಲ್ಲೇ ಇದರ ಸುಳಿವು ಕೊಟ್ಟಿದ್ದರು. 1933ರಲ್ಲಿ ಸಿದ್ಧಾಂತ ಮಂಡಿಸಿದ ಬರ್ಗೆರಾನ್, ದಪ್ಪ ಹನಿಯ ಮಳೆಗೆಲ್ಲ ಬಹುಮಟ್ಟಿಗೆ ಹಿಮವೇ ಮೂಲ ಎಂದು ನಂಬಿದ್ದರು.

ಆ ಮಾತು ನಮ್ಮ ಘಟ್ಟಕ್ಕೆ ಪೂರ್ತಿ ಒಪ್ಪುವುದಿಲ್ಲ. ಮುಂಗಾರಿನಲ್ಲಿ ಇಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಇರುವುದು ಸುಮಾರು 5 ಕಿ.ಮೀ. ಎತ್ತರದಲ್ಲಿ. ಘಟ್ಟಕ್ಕೆ ತಾಗುವ ಎಷ್ಟೋ ಮೋಡಗಳ ನೆತ್ತಿ ಅಲ್ಲಿಗೆ ತಲುಪುವುದೇ ಇಲ್ಲ. ಹಿಮದ ನೆರವಿಲ್ಲದೆ, ದೊಡ್ಡ ಹನಿ ಸಣ್ಣದನ್ನು ಕೂಡಿಸಿಕೊಳ್ಳುತ್ತ ಮಳೆಯಾಗುತ್ತದೆ. ಅರಬ್ಬೀ ಸಮುದ್ರದ ಗಾಳಿಯನ್ನು ಘಟ್ಟ ಮೇಲೆತ್ತುವ ಬಗೆಯನ್ನು 1966ರಲ್ಲಿ ಹವಾಮಾನ ವಿಜ್ಞಾನಿ ಆರ್.ಪಿ. ಸರ್ಕಾರ್ ಲೆಕ್ಕ ಹಾಕಿದರು. ಗರಿಷ್ಠ ಮಳೆ ನೆತ್ತಿಗೆ ಮೊದಲೇ, ಪಡುವಣ ಇಳಿಜಾರಿನಲ್ಲೇ ಸುರಿಯುತ್ತದೆ. ಘಟ್ಟದಂಚಿನ ಹುಲಿಕಲ್, ಆಗುಂಬೆಯಷ್ಟು ಮಳೆ ಸಾಗರ ಪೇಟೆಗೆ ಸಿಗದಿರುವುದು ಇದಕ್ಕೇ.

ಹಿಮದಿಂದ ಹುಟ್ಟುವ ಮಳೆಗೂ ಹಿಮವಿಲ್ಲದೆ ಹುಟ್ಟುವ ಮಳೆಗೂ ಇರುವ ವ್ಯತ್ಯಾಸ ಮರೆತರೆ ಮೋಡಬಿತ್ತನೆಗೆ ಸುರಿದ ಹಣ ನೀರುಪಾಲು. ಮೋಡಬಿತ್ತನೆಗೆ ತಕ್ಕುದೆಂದು 1946ರಲ್ಲಿ ವಿಜ್ಞಾನಿ ವಾನಗಟ್ ಕಂಡುಕೊಂಡ ಸಿಲ್ವರ್ ಅಯೊಡೈಡ್, ಸೊನ್ನೆಗಿಂತ ತಣ್ಣಗಿದ್ದೂ ಹೆಪ್ಪುಗಟ್ಟದ ನೀರಿರುವ ಮೋಡದಲ್ಲಷ್ಟೇ ಹರಳು ಹುಟ್ಟಿಸಬಲ್ಲದು. ಬೆಚ್ಚನೆಯ ಮೋಡಕ್ಕೆ ಉಪ್ಪು ಬೇಕು. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆ 1973ರಿಂದ ಬಾರಾಮತಿಯ ಸುತ್ತ ಉಪ್ಪಿನ ಪ್ರಯೋಗ ನಡೆಸಿತು. ಕರ್ನಾಟಕ 2003ರಲ್ಲಿ 'ವರುಣ' ಯೋಜನೆಯಡಿ, 2017ರಲ್ಲಿ ಮತ್ತೊಮ್ಮೆ ವಿಮಾನ ಹಾರಿಸಿತು.

ಪುಣೆಯ ಅದೇ ಸಂಸ್ಥೆ 2012ರಲ್ಲಿ ಮಹಾಬಳೇಶ್ವರದ ಘಟ್ಟದ ಮೇಲೆ ಮೋಡದ ಪ್ರಯೋಗಾಲಯ ತೆರೆದು ಹನಿಗಳ ಗಾತ್ರ ಅಳೆಯುತ್ತಿದೆ. ಲಿಂಗನಮಕ್ಕಿಯ ನೀರು ಪೂರ್ಣ ಮಟ್ಟವಾದ 1819 ಅಡಿಗೆ ಎಷ್ಟು ಬಾಕಿ ಎಂದು ದಿನವೂ ಕಾಯುವ ನಾವು, ನದಿ ಹುಟ್ಟುವ ಅಂಬುತೀರ್ಥದಿಂದ ಅಣೆಕಟ್ಟೆಯವರೆಗಿನ ಮೋಡಗಳನ್ನೂ ಇಷ್ಟೇ ಆಸ್ಥೆಯಿಂದ ಅಳೆಸಬೇಕು. 1964ರಿಂದ ಈ ಜಲಾಶಯ ನಿಂತಿರುವುದು ಆ ಹನಿಗಳ ಮೇಲೆ.