ರೈಲು ನಕ್ಷೆಯಲ್ಲಿ ಕರ್ನಾಟಕ ಎಲ್ಲಿದೆ?

ರೈಲ್ವೆ ಬಜೆಟ್ಟಿನ ಸುದ್ದಿಗೆ ಒಂದು ಗ್ರಾಫಿಕ್ಸ್ ಬೇಕಿತ್ತು. ಕರ್ನಾಟಕದ ರೈಲು ನಕ್ಷೆ ಮಾಡಿಕೊಡಪ್ಪಾ ಅಂತ ನಮ್ಮ ಗ್ರಾಫಿಕ್ಸ್ ಹುಡುಗನಿಗೆ ಹೇಳಿದೆ. ಹತ್ತು ನಿಮಿಷದಲ್ಲಿ ತಂದ. ರಾಜ್ಯದ ನಕ್ಷೆ, ಅದರ ಮೇಲೆ ಕೆಂಪು ಗೆರೆಗಳು. ಚೆನ್ನಾಗಿಯೇ ಇತ್ತು. ಆದರೆ ಆ ಒಂದೇ ಕೆಂಪು ನನಗೆ ಸರಿ ಬರಲಿಲ್ಲ. "ಯಾರು ಹಾಕಿದ ಹಳಿ, ಯಾವ ವರ್ಷ, ಯಾತಕ್ಕೆ, ಅದನ್ನು ನೋಡಿ ಬಣ್ಣ ಹಾಕು" ಅಂದೆ. ಅವನು ನನ್ನ ಮುಖ ನೋಡಿದ. ಬುಲೆಟಿನ್‌ಗೆ ಇನ್ನು ಎರಡು ಗಂಟೆ ಇತ್ತು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ನಾನೇ ಕೂತೆ. ಆ ಎರಡು ಗಂಟೆಯ ಕಥೆ ಇದು.

ಮೊದಲ ಗೆರೆ ಎಲ್ಲಿಂದ ಶುರು ಮಾಡಬೇಕು? 1864ರಿಂದ. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಮದ್ರಾಸ್ ರೈಲ್ವೆ ಕಂಪನಿ ಹಾಕಿದ ದಾರಿ. ಅದು ಬಂದು ನಿಂತಿದ್ದು ಬೆಂಗಳೂರು ಪೇಟೆಯಲ್ಲಿ ಅಲ್ಲ, ದಂಡಿನಲ್ಲಿ. ಇವತ್ತಿಗೂ ಆ ನಿಲ್ದಾಣದ ಬೋರ್ಡಿನಲ್ಲಿ "ದಂಡು" ಅಂತಲೇ ಇದೆ ನೋಡಿ. ಬ್ರಿಟಿಷರ ಸೈನ್ಯ ಅಲ್ಲಿತ್ತು, ಮದ್ರಾಸಿನ ಬಂದರಿಗೂ ಆ ಸೈನ್ಯಕ್ಕೂ ದಾರಿ ಬೇಕಿತ್ತು. ಚಿಕ್ಕಪೇಟೆಯ ವ್ಯಾಪಾರಿಗೆ, ರಾಮನಗರದ ರೈತನಿಗೆ ಅಂತ ಯಾರೂ ಹಾಕಿದ್ದಲ್ಲ.

ಎರಡನೇ ಗೆರೆ ರಾಯಚೂರಿನ ಮೇಲೆ. ಮುಂಬೈಯಿಂದ ಜಿಐಪಿ ಕಂಪನಿ ಹಳಿ ಹಾಕುತ್ತಾ ಬಂತು, ಮದ್ರಾಸಿನಿಂದ ಮದ್ರಾಸ್ ರೈಲ್ವೆ ಬಂತು. ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕಲಬುರಗಿ, ವಾಡಿ, ಯಾದಗಿರಿ ಈ ದಾರಿಯಲ್ಲಿ ಬಂದವು. ಯಾಕೆ? ಮುಂಬೈಗೂ ಮದ್ರಾಸಿಗೂ ನಡುವೆ ಇದ್ದವು, ಅದಕ್ಕೆ. ಕಲಬುರಗಿಯ ಜನ ಅವತ್ತಿನಿಂದ ಮುಂಬೈಗೆ ನೇರ ಹೋಗಬಹುದಿತ್ತು. ಬೀದರಿಗೆ ಹೋಗೋಕೆ ಆಗ್ತಿರಲಿಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಮೂರನೇ ಗೆರೆ ಹಾಕುವಾಗ ಹುಡುಗನಿಗೆ ಹೇಳಿದೆ, "ಇದಕ್ಕೆ ಕಪ್ಪು ಹಾಕು." ಬೆಂಗಳೂರು–ಮೈಸೂರು ದಾರಿ ಅದು. ದಸರಾ ನೋಡೋಕೆ ಹೋಗುವ ದಾರಿಗೆ ಕಪ್ಪು ಯಾಕೆ ಸಾರ್ ಅಂದ.

1876ರಿಂದ 78. ಧಾತು, ಈಶ್ವರ ಸಂವತ್ಸರದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ ಆಸುಪಾಸು ಇತ್ತು. 1881ರಲ್ಲಿ ಮತ್ತೆ ಎಣಿಸಿದಾಗ ಅದು 42 ಲಕ್ಷದ ಹತ್ತಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಲೆಕ್ಕ, ಎಂಟು ಲಕ್ಷ ಕೆಳಗೆ ಇಳಿದಿತ್ತು. ಆ ದಿನಗಳಲ್ಲಿ ಮದ್ರಾಸಿನಿಂದ ಅಕ್ಕಿ ಬೆಂಗಳೂರಿನವರೆಗೆ ರೈಲಿನಲ್ಲಿ ಬರಬಹುದಿತ್ತು. ಅಲ್ಲಿಂದಾಚೆಗೆ? ಎತ್ತಿನಗಾಡಿ. ಮನುಷ್ಯನಿಗೇ ಕೂಳಿಲ್ಲದಾಗ ಎತ್ತಿಗೆ ಮೇವೆಲ್ಲಿಂದ ಬರಬೇಕು? ಹಳಿ ಮುಗಿದ ಜಾಗದಲ್ಲಿ ಅನ್ನದ ದಾರಿಯೂ ಮುಗಿಯುತ್ತಿತ್ತು. ಆಗ ಹಸಿದವರಿಗೆ ಕೂಲಿ ಕೊಡೋಕೆ ಅಂತ ಶುರುವಾದ ಬರಪರಿಹಾರದ ಕಾಮಗಾರಿಗಳಲ್ಲಿ ಒಂದು, ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ. 1881ರಲ್ಲಿ ಬ್ರಿಟಿಷರು ಚಾಮರಾಜ ಒಡೆಯರಿಗೆ ಸಂಸ್ಥಾನ ಹಿಂತಿರುಗಿಸಿದರು, ರಂಗಾಚಾರ್ಲು ದಿವಾನರಾದರು, 1882ರಲ್ಲಿ ರೈಲು ಮೈಸೂರು ಮುಟ್ಟಿತು. ಸಂಸ್ಥಾನದ ದುಡ್ಡಿನಲ್ಲೇ ಕಟ್ಟಿದ ದಾರಿ.

ಹುಡುಗ ಏನೂ ಮಾತಾಡದೆ ಕಪ್ಪು ಬಣ್ಣ ಹಾಕಿದ.

ಅದೇ ಬರದ ನೆರಳಲ್ಲೇ ಹುಬ್ಬಳ್ಳಿಯ ಕಥೆಯೂ ಶುರುವಾಗುತ್ತದೆ. ಬರ ಬರುವ ಸೀಮೆಗೆ ರೈಲು ಹಾಕಿ ಅಂತ ಬರ ಆಯೋಗ 1880ರಲ್ಲಿ ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗ, ಹುಬ್ಬಳ್ಳಿ, ಲೋಂಡಾ, ಬಿಜಾಪುರ ಎಲ್ಲ ಅದರದ್ದೇ. ಬರಕ್ಕೆ ಅಂತ ಹೇಳಿದರೂ ಕಂಪನಿಯ ಕಣ್ಣು ಹತ್ತಿಯ ಮೇಲೂ ಇತ್ತು ಅನ್ನೋದನ್ನ ಗೆರೆ ನೋಡಿದರೇ ಹೇಳಬಹುದು. ಗದಗ, ಹುಬ್ಬಳ್ಳಿಯ ಹತ್ತಿಗೆ ಬಂದರು ಬೇಕು. ಅದು ಪೋರ್ಚುಗೀಸರ ಗೋವಾದಲ್ಲಿ ಸಿಕ್ಕಿತು. ಕ್ಯಾಸಲ್‌ರಾಕ್‌ನಿಂದ ಕೆಳಕ್ಕೆ ಘಟ್ಟ ಇಳಿದು ಮರ್ಮಗೋವಾ. ಮೂವತ್ತೇಳು ಅಡಿ ಮುಂದೆ ಹೋದರೆ ಒಂದಡಿ ಏರು. ರೈಲಿಗೆ ಇದು ಗೋಡೆ ಹತ್ತಿದ ಹಾಗೆ. ಇವತ್ತಿಗೂ ಅಲ್ಲಿ ಗೂಡ್ಸ್ ಗಾಡಿಯನ್ನ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಎಂಜಿನ್ ಬೇಕು.

ಇಷ್ಟು ಹಾಕಿ ಮುಗಿಸಿ ಇಬ್ಬರೂ ಸ್ವಲ್ಪ ಹಿಂದಕ್ಕೆ ಸರಿದು ನೋಡಿದೆವು. ಗೆರೆಗಳೆಲ್ಲ ಎಲ್ಲಿಗೆ ಹೋಗ್ತಿವೆ? ಒಂದು ಮದ್ರಾಸಿಗೆ. ಒಂದು ಮುಂಬೈಗೆ. ಒಂದು ಗೋವಾಕ್ಕೆ. ವಾಡಿಯಿಂದ ಒಂದು ಹೈದರಾಬಾದಿಗೆ, ಅದು ನಿಜಾಮರದ್ದು, 1874. ಮಂಗಳೂರಿಗೆ 1907ರಲ್ಲಿ ರೈಲು ಬಂತು, ಎಲ್ಲಿಂದ? ಕೇರಳದ ಕಡೆಯಿಂದ, ಕಣ್ಣೂರು–ಕಾಸರಗೋಡು ದಾಟಿಕೊಂಡು. ಅಂದ್ರೆ ಮಂಗಳೂರಿನವನು ರೈಲಿನಲ್ಲೇ ಬೆಂಗಳೂರಿಗೆ ಬರ್ತೀನಿ ಅಂತ ಹಟ ಹಿಡಿದರೆ, 1979ರವರೆಗೂ ಪಾಲಕ್ಕಾಡು, ಜೋಲಾರ್‌ಪೇಟೆ ಸುತ್ತಿ ಬರಬೇಕಿತ್ತು. ಕನ್ನಡ ನಾಡಿನ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋಕೆ ಎರಡು ರಾಜ್ಯ ಸುತ್ತಬೇಕು.

ಆಗ ಕರ್ನಾಟಕವೇ ಇರಲಿಲ್ಲ, ಇನ್ನೇನು ಮಾಡೋದು ಅಂತ ನೀವು ಕೇಳಬಹುದು. ನಿಜ. ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಐದು ಕಡೆ ಹಂಚಿಹೋಗಿದ್ದೆವು. 1956ರಲ್ಲಿ ಒಂದಾದೆವು. ನನ್ನ ಪ್ರಶ್ನೆ 1956ರ ನಂತರದ್ದು.

ಹಳಿಗಳು ಒಂದಾಗಲಿಲ್ಲ. ಮೊದಲನೇ ತೊಂದರೆ ಅಗಲದ್ದು. ಬೆಂಗಳೂರು–ಮದ್ರಾಸು ಬ್ರಾಡ್‌ಗೇಜ್. ಬೆಂಗಳೂರು–ಮೈಸೂರು, ಬೆಂಗಳೂರು–ಹುಬ್ಬಳ್ಳಿ ಮೀಟರ್‌ಗೇಜ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅದಕ್ಕೂ ಚಿಕ್ಕದು, ನ್ಯಾರೋಗೇಜ್. ಬೆಂಗಳೂರು ಸಿಟಿಯಲ್ಲಿ ಒಂದು ವ್ಯಾಗನ್ನಿನ ಮೂಟೆಯನ್ನ ಹಮಾಲಿ ಹೊತ್ತು ಇನ್ನೊಂದು ವ್ಯಾಗನ್ನಿಗೆ ಹಾಕಬೇಕು. ನನ್ನ ಸೋದರಮಾವ ಮುಂಬೈಯಲ್ಲಿ ಕೆಲಸದಲ್ಲಿದ್ದರು. ಅವರು ಊರಿಗೆ ಬಂದರೆ ಮೊದಲು ಹೇಳುತ್ತಿದ್ದದ್ದು ಮೀರಜಿನ ಕಥೆ. ಅಲ್ಲಿ ಗಾಡಿ ಬದಲಿಸಬೇಕು, ಟ್ರಂಕು, ಹಾಸಿಗೆ ಸುರುಳಿ, ನಮಗೆ ತಂದ ಬಿಸ್ಕತ್ತಿನ ಡಬ್ಬ, ಎಲ್ಲ ಹೊತ್ತುಕೊಂಡು ಓಡಬೇಕು. ಮೀರಜ್ ಅಂದ್ರೆ ಏನೋ ದೊಡ್ಡ ಗಂಡಾಂತರದ ಜಾಗ ಅಂತ ನಾವು ಹುಡುಗರು ತಿಳಿದಿದ್ದೆವು. ಈ ಕಾಟ ತಪ್ಪಿದ್ದು 1992ರಲ್ಲಿ ಯೂನಿಗೇಜ್ ಯೋಜನೆ ಬಂದ ಮೇಲೆ. ಆಗ ರೈಲ್ವೆ ಮಂತ್ರಿ ಆಗಿದ್ದವರು ನಮ್ಮ ಚಳ್ಳಕೆರೆಯ ಜಾಫರ್ ಷರೀಫ್. ಅವರ ರಾಜಕೀಯದ ಬಗ್ಗೆ ಏನೇ ಅಭಿಪ್ರಾಯ ಇರಲಿ, ಬೆಂಗಳೂರಿಂದ ಹುಬ್ಬಳ್ಳಿಗೆ ಇವತ್ತು ರೈಲು ಹತ್ತುವವರು ಅವರನ್ನ ಒಮ್ಮೆ ನೆನೆಯಬೇಕು.

ಆಮೇಲೆ ನಾನು ಹುಡುಗನಿಗೆ ಎರಡನೇ ನಕ್ಷೆ ಮಾಡಿಸಿದೆ. ಇದರಲ್ಲಿ ಬಣ್ಣ ಬೇಡ, ಗೆರೆಯ ದಪ್ಪ ಮಾತ್ರ. ಸರಕು ಹೆಚ್ಚು ಹೋಗೋ ಕಡೆ ದಪ್ಪ ಗೆರೆ. ನಾವು ರೈಲು ಅಂದ್ರೆ ಟಿಕೆಟ್, ವೇಟಿಂಗ್ ಲಿಸ್ಟ್, ಬೆಡ್‌ರೋಲ್ ಅಂತ ಮಾತ್ರ ಯೋಚಿಸ್ತೀವಿ. ರೈಲ್ವೆ ಬದುಕುವುದು ಗೂಡ್ಸ್ ಗಾಡಿಯಿಂದ. ಕರ್ನಾಟಕದಲ್ಲಿ ಒಂದು ಬೊಗಸೆ ಕಲ್ಲಿದ್ದಲೂ ಸಿಗೋದಿಲ್ಲ. ಶಕ್ತಿನಗರದ ಸ್ಥಾವರ ಉರಿಯಬೇಕಾದರೆ ಹೊರರಾಜ್ಯದಿಂದ ರೇಕ್ ಬರಬೇಕು. "ಕಲ್ಲಿದ್ದಲು ಕೊರತೆ, ಲೋಡ್ ಶೆಡ್ಡಿಂಗ್ ಭೀತಿ" ಅಂತ ನಾನು ಎಷ್ಟು ಸಲ ಓದಿದ್ದೀನೋ! ಆ ಸುದ್ದಿಯ ಅರ್ಧ ಕಥೆ ಹಳಿಯ ಮೇಲೇ ಇರುತ್ತದೆ. ವಾಡಿ ಸುತ್ತಮುತ್ತಲ ಸಿಮೆಂಟು, ಹೊಸಪೇಟೆ–ಸಂಡೂರು ಕಡೆಯ ಅದಿರು, ಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಏರಿ ಬರುವ ಕಲ್ಲಿದ್ದಲು. ಈ ನಕ್ಷೆಯಲ್ಲಿ ಬೆಂಗಳೂರು–ಮೈಸೂರು ಸಪೂರ, ಹೊಸಪೇಟೆಯ ಸುತ್ತ ಹೆಬ್ಬೆರಳು ದಪ್ಪ. ಮೊದಲ ನಕ್ಷೆಯ ರಾಜ ಇಲ್ಲಿ ಬಡವ.

ಎರಡು ನಕ್ಷೆ ಒಂದರ ಮೇಲೊಂದು ಇಟ್ಟರೆ ಹಾಸನ–ಮಂಗಳೂರು ದಾರಿಯ ಕಥೆ ತಾನಾಗಿ ತೆರೆದುಕೊಳ್ಳುತ್ತದೆ. ಅರವತ್ತರ ದಶಕದಲ್ಲಿ ಮಂಗಳೂರಿನ ಹೊಸ ಬಂದರಿಗೆ ಸರಕು ಒಯ್ಯೋಕೆ ಅಂತ ಕೆಲಸ ಹಿಡಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಘಟ್ಟ ಇಳಿಯೋಕೆ 57 ಸುರಂಗ ಕೊರೆದರು. 1979ರಲ್ಲಿ ರೈಲು ಓಡಿತು. ತಮಾಷೆ ಏನು ಗೊತ್ತಾ? ಬಂದರಿಗೆ ಹೋಗಬೇಕಿದ್ದ ಕುದುರೆಮುಖದ ಅದಿರು ರೈಲು ಹತ್ತಲೇ ಇಲ್ಲ, ಪೈಪಿನಲ್ಲಿ ಕೆಸರಾಗಿ ಹರಿದು ಹೋಯಿತು. ರೈಲು ಜನಕ್ಕೆ ಉಳಿಯಿತು. 1996ರಲ್ಲಿ ಬ್ರಾಡ್‌ಗೇಜ್ ಮಾಡ್ತೀವಿ ಅಂತ ಅದನ್ನೂ ಮುಚ್ಚಿದರು. ಮತ್ತೆ ತೆಗೆದಾಗ ಮೊದಲು ಓಡಿದ್ದು ಯಾವುದು? 2006ರಲ್ಲಿ ಗೂಡ್ಸ್ ಗಾಡಿ. ಪ್ರಯಾಣಿಕರ ರೈಲು ಬಂದಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಮಲೆನಾಡಿನವರು, ಕರಾವಳಿಯವರು ಶಿರಾಡಿ ಘಾಟಿಯ ಗುಂಡಿಯಲ್ಲಿ ಬಸ್ಸು ಎಣಿಸಿದರು. ಅದಿರಿಗೆ ಆತುರ ಇತ್ತು, ಮನುಷ್ಯ ಕಾಯಬಹುದು ಅಂತ ಯಾರೂ ಬರೆದು ಕೊಡಲಿಲ್ಲ, ತಾರೀಖುಗಳೇ ಹೇಳ್ತವೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕಿದಾಗ ಆ ಆತುರವೂ ಇಳಿಯಿತು.

ಎರಡನೇ ತೊಂದರೆ ಆಡಳಿತದ್ದು, ಇದಕ್ಕೆ ಮೂರನೇ ನಕ್ಷೆ. ಮೈಸೂರು ರೈಲ್ವೆ 1951ರಲ್ಲಿ ಚೆನ್ನೈನ ದಕ್ಷಿಣ ರೈಲ್ವೆಗೆ ಸೇರಿತು. 1966ರಲ್ಲಿ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ಪಾಲಾಯಿತು. ನಮ್ಮದೇ ಒಂದು ವಲಯ ಬೇಕು ಅಂತ ಹೋರಾಟ ಆಗಿ, ಅದರ ಕೇಂದ್ರ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಅಂತ ನಾವು ನಾವೇ ಜಗಳವನ್ನೂ ಆಡಿ, 2003ರ ಏಪ್ರಿಲ್ 1ಕ್ಕೆ ನೈಋತ್ಯ ರೈಲ್ವೆ ಹುಬ್ಬಳ್ಳಿಯಲ್ಲಿ ಶುರುವಾಯಿತು. ಅಷ್ಟಾದರೂ ಏನಾಯಿತು? ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗದಲ್ಲೇ ಉಳಿಯಿತು. ಕಲಬುರಗಿ ಸೊಲ್ಲಾಪುರದ ಕೆಳಗೆ, ರಾಯಚೂರು ಗುಂತಕಲ್ಲಿನ ಕೆಳಗೆ, ಬೀದರ್ ಸಿಕಂದರಾಬಾದಿನ ಕೆಳಗೆ. ಉಡುಪಿ, ಕಾರವಾರ ಕೊಂಕಣ ರೈಲ್ವೆಯದ್ದು. ಬೇರೆ ಬೇರೆ ಬಣ್ಣ ಹಾಕಿದ ಮೇಲೆ ಹುಡುಗ ಅಂದ, "ಸಾರ್, ಇದು 1956ಕ್ಕೆ ಮುಂಚಿನ ನಕ್ಷೆ ಥರಾನೇ ಇದೆಯಲ್ಲ." ನಾನು ಹೇಳಬೇಕಿದ್ದನ್ನ ಅವನೇ ಹೇಳಿಬಿಟ್ಟ. ಕೊಡಗಿಗೆ ಯಾವ ಬಣ್ಣ ಅಂತ ಕೇಳಿದ. ಅಲ್ಲಿ ಹಳಿಯೇ ಇಲ್ಲ, ಬಿಳಿ ಬಿಡು ಅಂದೆ.

ಇದು ಬರೀ ಬಣ್ಣದ ಮಾತಾ? ಅಲ್ಲ. ಹೊಸ ರೈಲು ಬೇಕು, ವೇಳೆ ಬದಲಿಸಬೇಕು, ಒಂದು ನಿಲುಗಡೆ ಕೊಡಬೇಕು ಅಂದರೆ ಕಲಬುರಗಿಯವರ ಅರ್ಜಿ ಸೊಲ್ಲಾಪುರ ದಾಟಿ ಮುಂಬೈಗೆ ಹೋಗಬೇಕು. ಬೀದರ್–ಕಲಬುರಗಿ ದಾರಿಗೆ ಬನ್ನಿ. 110 ಕಿಲೋಮೀಟರು. ತೊಂಬತ್ತರ ದಶಕದಲ್ಲಿ ಮಂಜೂರಾಯಿತು. ಅಲ್ಲಿಯವರೆಗೆ ಈ ಊರಿಂದ ಆ ಊರಿಗೆ ರೈಲಿನಲ್ಲಿ ಹೋಗೋಕೆ ವಿಕಾರಾಬಾದ್ ಸುತ್ತಬೇಕು. ಕೊನೆಗೆ ರೈಲು ಓಡಿದ್ದು 2017ರ ಅಕ್ಟೋಬರಿನಲ್ಲಿ. ಮುಂಬೈ–ಮದ್ರಾಸು ಗೆರೆ ಕಲಬುರಗಿ ದಾಟಿ ಹೋಗಿ ಆಗಲೇ 146 ವರ್ಷ ಆಗಿತ್ತು. ಅದೇ ವರ್ಷ ಬೆಂಗಳೂರಿಂದ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ದಾರಿಯೂ ಮುಗಿಯಿತು. ಚಿತ್ರದುರ್ಗದವರು ಬೆಂಗಳೂರಿಗೆ ಬರೋಕೆ ಚಿಕ್ಕಜಾಜೂರಿಗೆ ಹೋಗಿ ಸುತ್ತುತ್ತಾರೆ. ತುಮಕೂರು–ದಾವಣಗೆರೆ ನೇರ ದಾರಿಯ ಕೆಲಸ ಮುಗಿಯಲಿ ಅಂತ ಕಾಯ್ತಿದ್ದಾರೆ.

ಮೂರು ನಕ್ಷೆಗಳೂ ಅವತ್ತು ತೆರೆಯ ಮೇಲೆ ಬಂದವು. ಒಟ್ಟು ನಲವತ್ತು ಸೆಕೆಂಡು, ಆಮೇಲೆ ಬ್ರೇಕು. ಬುಲೆಟಿನ್ ಮುಗಿದ ಮೇಲೆ ಕಲಬುರಗಿಯಿಂದ ವೀಕ್ಷಕರೊಬ್ಬರು ಫೋನ್ ಮಾಡಿದರು. ಖರ್ಗೆಯವರು ರೈಲ್ವೆ ಮಂತ್ರಿ ಆಗಿದ್ದಾಗ, 2014ರಲ್ಲಿ, ಕಲಬುರಗಿಗೆ ಪ್ರತ್ಯೇಕ ವಿಭಾಗ ಅಂತ ಘೋಷಣೆ ಆಗಿ ಶಂಕುಸ್ಥಾಪನೆಯೂ ಆಗಿತ್ತಲ್ಲ, ಅದರ ಬಗ್ಗೆ.

"ಸರ, ನಕ್ಷಾ ಭಾಳ ಚಂದ ಮಾಡೀರಿ. ಆದ್ರ ನಮ್ಮ ಅಡಿಗಲ್ಲು ಒಂದು ಬಿಟ್ಟದ ನೋಡ್ರಿ" ಅಂದರು.

ರಾತ್ರಿ ಒಂಬತ್ತರ ಬುಲೆಟಿನ್‌ಗೆ ಕಲಬುರಗಿಯ ಪಕ್ಕದಲ್ಲಿ ಒಂದು ಸಣ್ಣ ಕಲ್ಲಿನ ಚಿತ್ರ ಹಾಕಿಸಿದೆ.