ಹೆಸರಿಲ್ಲದ ಬಂಡೆ, ಹೆಸರುಳ್ಳ ಬಂಡೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ತಯಾರಾದ ಅಲ್ಪವೆಚ್ಚದ ಕೌಬಾಯ್ ಚಿತ್ರಗಳನ್ನು ಚಲನಚಿತ್ರ ಚರಿತ್ರೆಕಾರರು ‘ಬಿ ವೆಸ್ಟರ್ನ್’ ಎಂದು ಕರೆಯುತ್ತಾರೆ. ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸುತ್ತಿದ್ದ ಕಾಲದಲ್ಲಿ ಇವು ಜೊತೆಯ ಚಿತ್ರಗಳಾಗಿ ಪ್ರದರ್ಶನಗೊಳ್ಳುತ್ತಿದ್ದವು. ಅವಧಿ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಚಿತ್ರೀಕರಣ ಕೆಲವೇ ದಿನಗಳದ್ದು. 1935ರಲ್ಲಿ ಸ್ಥಾಪನೆಗೊಂಡ ರಿಪಬ್ಲಿಕ್ ಪಿಕ್ಚರ್ಸ್‌ನಂತಹ ಸಂಸ್ಥೆಗಳು ಈ ಮಾದರಿಯಿಂದಲೇ ಬಾಳಿದವು. ಜೀನ್ ಆಟ್ರಿ, ರಾಯ್ ರೋಜರ್ಸ್ ಮೊದಲಾದವರು ಇಲ್ಲಿಂದಲೇ ಖ್ಯಾತರಾದರು. ವಿಲಿಯಂ ಬಾಯ್ಡ್ ನಟಿಸಿದ ಹೋಪಲಾಂಗ್ ಕ್ಯಾಸಿಡಿ ಮಾಲಿಕೆಯೊಂದರಲ್ಲೇ 1935ರಿಂದ 1948ರವರೆಗೆ 66 ಚಿತ್ರಗಳು ಬಂದವು. ದೂರದರ್ಶನದ ಪ್ರಸಾರ ವ್ಯಾಪಿಸಿದಂತೆ, 1954ರ ಹೊತ್ತಿಗೆ ಇಂತಹ ಮಾಲಿಕೆಗಳು ನಿಂತುಹೋದವು.

ಹಣವಿಲ್ಲದ ನಿರ್ಮಾಪಕನಿಗೆ ಪ್ರಕೃತಿಯೇ ರಂಗಸಜ್ಜಿಕೆ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನ ಬಳಿಯ ಅಲಬಾಮಾ ಬೆಟ್ಟಗಳು ಈ ಕಾರಣಕ್ಕೆ ಪ್ರಸಿದ್ಧವಾದವು. ದುಂಡಗೆ ಸವೆದ ಬಂಡೆಗಳ ರಾಶಿ, ಇಕ್ಕಟ್ಟಾದ ಸಂದುಗಳು, ಹಿನ್ನೆಲೆಯಲ್ಲಿ ಸಿಯೆರಾ ನೆವಾಡಾದ ಹಿಮಶಿಖರಗಳು: ಇಷ್ಟಿದ್ದರೆ ಕಥೆಗೆ ಸಾಕಾಗಿತ್ತು. ಒಂದೇ ಬಂಡೆ ಒಂದು ಚಿತ್ರದಲ್ಲಿ ಟೆಕ್ಸಾಸ್ ಆದರೆ ಇನ್ನೊಂದರಲ್ಲಿ ಅರಿಜೋನಾ ಆಗುತ್ತಿತ್ತು. 1939ರ ‘ಗುಂಗಾ ದಿನ್’ ಚಿತ್ರದಲ್ಲಿ ಅದೇ ಬೆಟ್ಟಗಳು ಭಾರತದ ವಾಯವ್ಯ ಗಡಿಯೂ ಆದವು. ಎಲ್ಲಿಯದಾದರೂ ಆಗಬಲ್ಲ ಬಂಡೆಗೆ ತನ್ನದೇ ಆದ ಹೆಸರು ಇರುವಂತಿಲ್ಲ.

ಆದರೆ ಆ ಬಂಡೆಗಳಿಗೆ ಚರಿತ್ರೆಯಿತ್ತು. ‘ಅಲಬಾಮಾ’ ಎಂಬುದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಪಕ್ಷಪಾತಿಗಳಾದ ಗಣಿಗಾರರು ತಮ್ಮ ಕಡೆಯ ಯುದ್ಧನೌಕೆಯೊಂದರ ನೆನಪಿಗೆ ಇಟ್ಟ ಹೆಸರು. ಅವರಿಗಿಂತ ಬಹು ಹಿಂದಿನಿಂದ ಆ ಕಣಿವೆಯಲ್ಲಿ ಪೈಯೂಟ್ ಜನ ನೀರ್ಗಾಲುವೆಗಳನ್ನು ತೋಡಿಕೊಂಡು ಬಾಳುತ್ತಿದ್ದರು. 1863ರ ಬೇಸಗೆಯಲ್ಲಿ ಅವರ ಪೈಕಿ ಸುಮಾರು ಒಂದು ಸಾವಿರ ಮಂದಿಯನ್ನು ಸೈನಿಕರು ದೂರದ ಫೋರ್ಟ್ ಟೆಹೋನ್‌ಗೆ ನಡೆಸಿಕೊಂಡು ಹೋದರು. ಕೆಲವರು ಮರಳಿ ಬಂದರು. ಅವರ ಸಂತತಿಯವರು ಇಂದಿಗೂ ಅಲ್ಲಿದ್ದಾರೆ. ಎಪ್ಪತ್ತು ವರ್ಷಗಳ ಬಳಿಕ ಅದೇ ನೆಲದಲ್ಲಿ ಸಾಲುಸಾಲಾಗಿ ಬಿಳಿಯ ನಾಯಕರ ಸಾಹಸಕಥೆಗಳು ಚಿತ್ರೀಕರಣಗೊಂಡವು. ಆ ನೆಲದವರ ಗಡೀಪಾರಿನ ಕಥೆ ಅವುಗಳ ವಸ್ತುವಾಗಲಿಲ್ಲ.

ಇದೇ ಬಗೆಯ ಶಿಲಾದೃಶ್ಯ ಕರ್ನಾಟಕದ ಚಿತ್ರದುರ್ಗದಲ್ಲಿಯೂ ಇದೆ. ವಯಸ್ಸಿನಲ್ಲಿ ಎರಡಕ್ಕೂ ಅಜಗಜಾಂತರ: ಅಲಬಾಮಾ ಬೆಟ್ಟಗಳ ಗ್ರಾನೈಟ್ ಸುಮಾರು ಎಂಟೂವರೆ ಕೋಟಿ ವರ್ಷಗಳದ್ದು, ಚಿತ್ರದುರ್ಗದ್ದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಆದರೂ ಗ್ರಾನೈಟ್ ಶಿಥಿಲಗೊಳ್ಳುವ ಕ್ರಮ ಒಂದೇ ಆದುದರಿಂದ ನೋಟದಲ್ಲಿ ಸಾಮ್ಯವಿದೆ. ವ್ಯತ್ಯಾಸವಿರುವುದು ನೆನಪಿನಲ್ಲಿ. ಚಂದ್ರವಳ್ಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಕೆರೆಯನ್ನು ಕುರಿತ ಪ್ರಾಕೃತ ಶಾಸನವಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಆ ನೆಲೆಯಲ್ಲಿ ರೋಮನ್ ನಾಣ್ಯಗಳೂ ದೊರೆತಿವೆ. ವಿಜಯನಗರದ ಕಾಲದಲ್ಲಿ ತಿಮ್ಮಣ್ಣನಾಯಕನು ಮೊದಲು ಹೊಳಲ್ಕೆರೆಯ, ಬಳಿಕ ಹಿರಿಯೂರಿನ, ಅನಂತರ ಚಿತ್ರದುರ್ಗದ ನಾಯಕತನವನ್ನು ಪಡೆದನು. ಹೊಸದುರ್ಗದ ಕೋಟೆಯು 1675ರಲ್ಲಿ ಇದೇ ಮನೆತನದ ಚಿಕ್ಕಣ್ಣನಾಯಕನಿಂದ ನಿರ್ಮಾಣಗೊಂಡಿತು. ಈ ಸೀಮೆಯಲ್ಲಿ ಬಂಡೆಯೆಂದರೆ ಬುರುಜು, ಬತೇರಿ, ಶಾಸನ, ಗುಡಿ.

1972ರ ಕೊನೆಯಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಈ ಕೋಟೆಯನ್ನು ಕನ್ನಡ ಪ್ರೇಕ್ಷಕರ ಮನಸ್ಸಿನಲ್ಲಿ ನೆಲೆಗೊಳಿಸಿತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಆಧರಿಸಿದ ಈ ಚಿತ್ರ ಕೌಬಾಯ್ ಚಿತ್ರವಲ್ಲ. ಆದರೂ ಅದರ ನಾಯಕ ರಾಮಾಚಾರಿಯಲ್ಲಿ ವೆಸ್ಟರ್ನ್ ನಾಯಕನ ಒಂದು ಲಕ್ಷಣವುಂಟು: ಊರಿನ ಕಟ್ಟಳೆಗೆ ಒಗ್ಗದೆ ಬಂಡೆಗಳ ನಡುವೆ ಅಲೆಯುವ ಒರಟು ತರುಣ ಅವನು. ಇಲ್ಲಿ ಬಂಡೆಯು ಬೇರೊಂದು ಊರಿನ ವೇಷ ತೊಡುವುದಿಲ್ಲ. ಚಿತ್ರದುರ್ಗವು ಚಿತ್ರದುರ್ಗವಾಗಿಯೇ ಕಾಣಿಸಿಕೊಳ್ಳುತ್ತದೆ. ಕಥೆಯನ್ನು ತಡೆದು ನಿಲ್ಲಿಸಿ, ಒಂದು ಹಾಡಿನ ಅವಧಿಯುದ್ದಕ್ಕೂ ಒನಕೆ ಓಬವ್ವನ ಪ್ರಸಂಗವನ್ನು ನಿರ್ದೇಶಕರು ತೋರಿಸುತ್ತಾರೆ. ಹೈದರನ ಸೈನಿಕರು ನುಸುಳಿ ಬರುತ್ತಿದ್ದ ಕಿಂಡಿಯಲ್ಲಿ ಕಾವಲುಗಾರನ ಮಡದಿ ಒನಕೆ ಹಿಡಿದು ನಿಂತ ಐತಿಹ್ಯವದು. ಓಬವ್ವನಾಗಿ ಜಯಂತಿ ಕೆಲವೇ ನಿಮಿಷ ತೆರೆಯ ಮೇಲಿದ್ದರೂ ಕನ್ನಡಿಗರ ಕಣ್ಣಿನಲ್ಲಿ ಓಬವ್ವನಿಗೆ ಆ ರೂಪವೇ ಉಳಿಯಿತು.

ಮೂರೇ ವರ್ಷಗಳ ಬಳಿಕ, 1975ರಲ್ಲಿ, ರಾಮನಗರದ ಬಂಡೆಗಳು ‘ಶೋಲೆ’ಯಲ್ಲಿ ರಾಮಗಢವೆಂಬ ಕಲ್ಪಿತ ಊರಾದವು. ಅದು ಅಲ್ಪವೆಚ್ಚದ ಚಿತ್ರವಲ್ಲ. ಆದರೆ ಬಂಡೆಯನ್ನು ಬಳಸಿಕೊಂಡ ವಿಧಾನ ಮಾತ್ರ ಲೋನ್ ಪೈನಿನದು. ಹೀಗೆ ಒಂದೇ ರಾಜ್ಯದಲ್ಲಿ ಒಂದೇ ದಶಕದಲ್ಲಿ ಎರಡು ಮಾರ್ಗಗಳೂ ಕಾಣುತ್ತವೆ.

ಹಾಗೆಂದು ‘ನಾಗರಹಾವು’ ಎಲ್ಲವನ್ನೂ ನೆನೆಯಿತೆಂದು ಹೇಳಲಾಗದು. ಓಬವ್ವನ ಸಾಹಸ ಕೋಟೆಯನ್ನು ಒಂದು ದಿನ ಉಳಿಸಿತು. 1779ರಲ್ಲಿ ಕೋಟೆ ಹೈದರನ ವಶವಾಯಿತು. ಕೊನೆಯ ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಸೀಮೆಯ ಬೇಡರಲ್ಲಿ 20,000 ಮಂದಿಯನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ಹುಡುಗರನ್ನು ಮತಾಂತರಿಸಿ ಚೇಲಾ ಪಡೆಗಳಾಗಿ ರೂಪಿಸಲಾಯಿತೆಂದು ರೈಸ್ ಅವರ ಗೆಜೆಟಿಯರ್ ಹೇಳುತ್ತದೆ. ಪೈಯೂಟರ ನಡಿಗೆಗೂ ಬೇಡರ ಈ ಸ್ಥಳಾಂತರಕ್ಕೂ ನಡುವಣ ಅಂತರ ಎಂಬತ್ತನಾಲ್ಕು ವರ್ಷ. ಅಲ್ಲಿನ ಚಿತ್ರಗಳು ಬಂಡೆಯ ಹೆಸರನ್ನೇ ಅಳಿಸಿದವು. ಇಲ್ಲಿನ ಚಿತ್ರ ಗೆಲುವಿನ ಗಳಿಗೆಯನ್ನು ಆಯ್ದುಕೊಂಡು ಸೋಲನ್ನು ಬಿಟ್ಟಿತು. ಮೊದಲನೆಯದು ಪೂರ್ಣ ಮರೆವು, ಎರಡನೆಯದು ಅರ್ಧ ನೆನಪು.

ಉಳಿದ ಅರ್ಧವನ್ನು ತುಂಬಿಕೊಟ್ಟದ್ದು ಸಾಹಿತ್ಯ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಕಾದಂಬರಿಗಳಲ್ಲಿ ನಾಯಕರ ಮನೆತನದ ಒಳಜಗಳವನ್ನು ಬರೆದಿದ್ದ ತ.ರಾ.ಸು. 1982ರಲ್ಲಿ ‘ದುರ್ಗಾಸ್ತಮಾನ’ವನ್ನು ಪ್ರಕಟಿಸಿ, ಕೊನೆಯ ಮದಕರಿಯ ಪತನವನ್ನು ವಿಸ್ತಾರವಾಗಿ ಚಿತ್ರಿಸಿದರು. ಅವರು 1984ರಲ್ಲಿ ತೀರಿಕೊಂಡರು; ಮರುವರ್ಷ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಸಂದಿತು. ಒಂದೇ ಲೇಖಕನ ಕೃತಿಗಳಿಂದ ತೆರೆಗೆ ಗೆಲುವಿನ ಬಂಡೆಯೂ ಪುಟಕ್ಕೆ ಸೋಲಿನ ಬಂಡೆಯೂ ದೊರೆತವು. ಓಬವ್ವನ ಕಿಂಡಿಯನ್ನು ನೋಡಲು ಬರುವವರು ಮೊದಲನೆಯದನ್ನು ಬಲ್ಲರು. ಕೋಟೆಯ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಎರಡೂ ಬೇಕು.